ಕೆಪ್ಪ ಜೋಗ ನೋಡಿ ಬಂದು ನಮ್ಮ ಹಳ್ಳ ನಡೆದದ್ದು

ಈ ಸಲ ಕೊಳೆರೋಗವೂ ಅಲ್ಲ, ಅಡಿಕೆ ರೇಟೂ ಅಲ್ಲ. ಜಲಪಾತದ ಬಗ್ಗೆ ಬರೀತಾ ಇದ್ದೇನೆ. "ಇವನಿಗೂ ಟೂರಿಸ್ಟ್ ಹುಚ್ಚು ಹಿಡೀತು" ಅಂತ ನಗಬೇಡಿ. ಕೊನೆಗೆ ನಮ್ಮ ತೋಟಕ್ಕೇ ಬರ್ತೇನೆ.

ಹಿಂದಿನ ವರ್ಷದ ದಸರಾ ರಜೆಗೆ ಮಗಳು ಬೆಂಗಳೂರಿನಿಂದ ಬಂದವಳು ಉಂಚಳ್ಳಿ ಜಲಪಾತ ನೋಡಬೇಕು ಅಂತ ಹಠ ಹಿಡಿದಳು. "ದಾರಿ ಹೇಳ್ತೆ, ಹೋಗಿ ಬಾ" ಅಂದೆ. "ಅಪ್ಪಾ, ನೀನೂ ಬಾ" ಅಂದಳು. ಲೆಕ್ಕ ಹಾಕಿದರೆ ನಾನು ಅಲ್ಲಿಗೆ ಹೋಗಿದ್ದು ಎಸ್ಸೆಸ್ಸೆಲ್ಸಿ ವರ್ಷ ಒಂದೇ ಸಲ, ಶಾಲೆಯ ಹುಡುಗರ ಜೊತೆ. ನಮ್ಮ ತಾಲೂಕಿನದೇ ಜಲಪಾತ. ಎಲ್ಲಿಂದೆಲ್ಲಿಂದಲೋ ಜನ ಬಂದು ನೋಡಿ ಹೋಗ್ತಾರೆ. ನಾವು ಬಂದ ನೆಂಟರಿಗೆ ಕೈ ತೋರಿಸಿ ಕಳಿಸಿ, ಮದ್ದು ಹೊಡೆಯೋಕೆ ಹೋಗುವವರು.

ಹೆಗ್ಗರಣೆ ಮೇಲೆ ಹೋಗಿ, ಗಾಡಿ ಬಿಟ್ಟು ಕಾಡಿನಲ್ಲಿ ನಡೆದೆವು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಉಂಬಳ ಇತ್ತು, ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡಿದ್ದೆವು. ನೀರು ಕಾಣುವ ಮೊದಲೇ ಸದ್ದು ಬಂತು. ಹತ್ತಿರ ಹೋದ ಹಾಗೆ ಪಕ್ಕದಲ್ಲಿದ್ದವರ ಮಾತೇ ಕೇಳದು. ಅದಕ್ಕೇ ನಮ್ಮ ಹಿರಿಯರು ಇದನ್ನು ಕೆಪ್ಪ ಜೋಗ ಅಂದದ್ದು. 1845ರಲ್ಲಿ ಲಷಿಂಗ್ಟನ್ ಅನ್ನುವ ಬ್ರಿಟಿಷ್ ಕಲೆಕ್ಟರ್ ಇದನ್ನು ಕಂಡುಹಿಡಿದ ಅಂತ ಪುಸ್ತಕದಲ್ಲಿ ಬರೆದಿದ್ದಾರೆ, ಲಷಿಂಗ್ಟನ್ ಫಾಲ್ಸ್ ಅಂತ ಹೆಸರೂ ಇದೆ. ಅವನು ಬರುವ ಮೊದಲು ಈ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲವಾ ಅಂತ ನಗು ಬಂತು.

ಎತ್ತರ 116 ಮೀಟರ್. ನಾವು ಮರ ಹತ್ತುವವರಲ್ವಾ, ನಮ್ಮ ಲೆಕ್ಕದಲ್ಲಿ ಹೇಳ್ತೇನೆ. ಐದಾರು ಹಳೇ ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದರೂ ತುದಿ ಮುಟ್ಟೋದು ಕಷ್ಟ. ಹೊಳೆ ಅಲ್ಲಿಂದ ಕೆಳಗೆ ಬಿದ್ದು ದೊಡ್ಡ ಕಣಿವೆಯ ತಳದಲ್ಲಿ ಎಳೆದ ದಾರದ ಹಾಗೆ ಪಡುವಣಕ್ಕೆ ಹೋಗ್ತದೆ. ಎರಡೂ ಬದಿ ಕಡಿದಾದ ಗುಡ್ಡ, ಮರ ತುಂಬಿದ ಕಾಡು. ಹೊಗೆಯ ಹಾಗೆ ಎದ್ದ ನೀರಿನ ಪುಡಿ ನಮ್ಮ ಮುಖಕ್ಕೇ ಬಂತು. ಮಗಳು ಕಿವಿ ಹತ್ತಿರ ಬಂದು ಕೂಗಿ ಕೇಳಿದಳು, "ಅಪ್ಪಾ, ಇದರಲ್ಲಿ ನಮ್ಮ ಹಳ್ಳದ ನೀರೂ ಇದೆಯಾ?"

ಇದೆ. ನಮ್ಮ ತೋಟದ ಕೆಳಗಿನ ಹಳ್ಳ ಅಘನಾಶಿನಿಗೇ ಸೇರೋದು, ಜಲಪಾತಕ್ಕಿಂತ ಮೇಲೆ. ಐವತ್ತಾರು ವರ್ಷದಲ್ಲಿ ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ. ಹಳ್ಳ ನಮ್ಮ ಗಡಿ ದಾಟಿದ ಮೇಲೆ ಎಲ್ಲಿಗೆ ಹೋದರೆ ನಮಗೇನು ಅಂತಿದ್ದೆ. ಈ ಹೊಳೆ ಶಿರಸಿಯ ಶಂಕರ ಹೊಂಡದ ಕಡೆಯಿಂದ ಒಂದು, ಮಂಜುಗುಣಿ ಕಡೆಯಿಂದ ಒಂದು ಕವಲಾಗಿ ಹುಟ್ಟಿ, ನಮ್ಮಂಥವರ ನೂರಾರು ಹಳ್ಳ ಕೂಡಿಸಿಕೊಂಡು, ಘಟ್ಟ ಇಳಿದು ಕುಮಟಾದ ಹತ್ತಿರ ಸಮುದ್ರ ಸೇರ್ತದೆ. ಪಕ್ಕದ ಶರಾವತಿ, ಕಾಳಿ ಎರಡಕ್ಕೂ ದೊಡ್ಡ ಅಣೆಕಟ್ಟು ಬಂತು. ಇದಕ್ಕೆ ಇಲ್ಲ. ಮೇಲೆ ನಾವು ಬಿಟ್ಟ ನೀರೇ ಅಲ್ಲಿ ಬೀಳೋದು.

ಹೋಗುವವರಿಗೆ ಒಂದು ಮಾತು. ಯಾವ ಜಲಪಾತಕ್ಕೆ ಹೋದರೂ ಮಳೆಗಾಲದಲ್ಲಿ ಹೊಳೆಯ ಬಂಡೆ ಮೇಲೆ ಇಳಿಯಬೇಡಿ, ಮಕ್ಕಳನ್ನೂ ಇಳಿಸಬೇಡಿ. ಇಲ್ಲಿ ಬಿಸಿಲಿದ್ದರೂ ಮೇಲಿನ ಊರಲ್ಲಿ ಮಳೆ ಹೊಡೆದಿರ್ತದೆ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾಗಿ, ದರಕು ಕಡ್ಡಿ ತೇಲಿ ಬರೋಕೆ ಶುರುವಾದರೆ ಹಿಂದೆಯೇ ನೆರೆ ಬರ್ತದೆ ಅಂತ ತಿಳ್ಕೊಳ್ಳಿ. ಇದು ನಮಗೆಲ್ಲ ಗೊತ್ತು, ಪೇಟೆ ಮಕ್ಕಳಿಗೆ ಗೊತ್ತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೀತಾ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಕುಮಟಾದಿಂದ ಭಾವ ಬಂದಿದ್ದರು, ತಂಗಿಯ ಗಂಡ. ಗಜನಿ ಪಕ್ಕದಲ್ಲೇ ಅವರ ಮನೆ, ಉಪ್ಪುನೀರಲ್ಲಿ ಬೆಳೆಯುವ ಕಗ್ಗ ಭತ್ತ ಬೆಳೆದ ಜನ. ಅಡಿಕೆ ಸುಲಿದು ಮುಗಿದಿತ್ತು. ಮತ್ತೊಂದು ಸಲ ನೋಡುವ ಅಂತ ಅವರನ್ನು ಕರ್ಕೊಂಡು ಹೋದೆ. ಆ ದಿನ ಸದ್ದೇ ಇಲ್ಲ. ಅಷ್ಟು ದೊಡ್ಡ ಕರಿ ಬಂಡೆಯ ಒಂದು ಬದಿಗೆ ಪಂಚೆ ಒಣಗಿಸಿದ ಹಾಗೆ ಒಂದು ಬಿಳಿ ಪಟ್ಟಿ. ಬೇಸಿಗೆಯಲ್ಲಿ ಇಳಿಯೋದು ಸಹಜ, ಆದರೆ ನಾನು ಅಷ್ಟು ಅಂದ್ಕೊಂಡಿರಲಿಲ್ಲ. ಭಾವ ಸುಮಾರು ಹೊತ್ತು ನೋಡಿ, "ನಿಮ್ಮ ಹೊಳೆ ಹೀಗೆ ಇಳಿದ ವರ್ಷ ಕೆಳಗೆ ನಮ್ಮ ಬಾವಿ ಉಪ್ಪಾಗ್ತದೆ" ಅಂದರು. ಮೇಲಿಂದ ಸಿಹಿನೀರು ಒತ್ತದಿದ್ದರೆ ಸಮುದ್ರದ ನೀರು ಒಳಗೆ ಏರ್ತದಲ್ಲ, ಅದು. ಅವರು ದೂರಿ ಹೇಳಿದ್ದಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಸರಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಕತ್ತಿ ಹಿಡ್ಕೊಂಡು ನಮ್ಮ ಹಳ್ಳದಲ್ಲೇ ನಡೆದೆ. ಮನೆಯಿಂದ ಮೇಲೆ ಹುಟ್ಟುವ ಜಾಗದವರೆಗೆ, ಮತ್ತೆ ಕೆಳಗೆ ಹೊಳೆ ಸೇರುವವರೆಗೆ. ಮೂರೂವರೆ ತಾಸು ಹಿಡೀತು. ಅಷ್ಟರಲ್ಲಿ ಎಣಿಸಿದ್ದು ಹನ್ನೊಂದು ಪಂಪ್‌ಸೆಟ್. ಯಾರ ಹೆಸರೂ ಹೇಳೋದಿಲ್ಲ, ಹೇಳುವ ಮುಖವೂ ನನಗಿಲ್ಲ. ಹನ್ನೊಂದರಲ್ಲಿ ಒಂದು ನನ್ನದೇ, ಮೂರು ಎಚ್‌ಪಿ. ಕರೆಂಟ್ ಬಂದಾಗಲೆಲ್ಲ ಓಡ್ತಾ ಇರ್ತದೆ. ನನ್ನ ಫುಟ್‌ವಾಲ್ವಿನ ಕೆಳಗೆ ಹತ್ತು ಮಾರು ದೂರ ಹಳ್ಳದಲ್ಲಿ ಬರೀ ಒದ್ದೆ ಮರಳು. ನಾನು ಚಿಕ್ಕವನಿದ್ದಾಗ ಅದೇ ಜಾಗದಲ್ಲಿ ಬೇಸಿಗೆಯಲ್ಲೂ ಎಮ್ಮೆ ಮೀಯಿಸ್ತಿದ್ದೆವು.

ಒಂದು ಕಡೆ ಮಾತ್ರ ನೀರು ನಿಂತಿರಲಿಲ್ಲ, ಸಣ್ಣಗೆ ಹರೀತಾ ಇತ್ತು. ಅದರ ಮೇಲೆ ತಲೆಯೆತ್ತಿ ನೋಡಿದರೆ ದೇವರ ಕಾನು. ಅಲ್ಲಿ ಯಾರೂ ಸೊಪ್ಪು ಕಡಿಯೋದಿಲ್ಲ, ದರಕು ಗುಡಿಸೋದಿಲ್ಲ. ಮಣ್ಣು ಕಾಲಿಟ್ಟರೆ ಹಾಸಿಗೆ ಹಾಗೆ. ಎದುರಿನ ದಿಬ್ಬ ನನ್ನ ಸೊಪ್ಪಿನ ಬೆಟ್ಟ. ಅಲ್ಲಿ ಪ್ರತಿವರ್ಷ ಅಂಗಳ ಗುಡಿಸಿದ ಹಾಗೆ ಗುಡಿಸ್ತೇನೆ. ಮಳೆ ಬಿದ್ದ ನೀರು ಇಂಗೋಕೆ ಏನೂ ಉಳಿಸಿಲ್ಲ, ಜಾರಿ ಒಂದೇ ದಿನಕ್ಕೆ ಕೆಂಪಾಗಿ ಹೋಗ್ತದೆ. ಹಳೇ ಸರ್ಕಾರ ನಮ್ಮ ಕಡೆ 1 ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪಿಗೆ ಅಂತ ಮಾತ್ರ ತಿಳ್ಕೊಂಡಿದ್ದೆ. ತೋಟಕ್ಕೆ ನೀರು ಕೊಡೋದೂ ಅದೇ ಬೆಟ್ಟ.

ಇನ್ನೊಂದು ತಪ್ಪೂ ಒಪ್ಪಿಕೊಳ್ತೇನೆ. ಹಳ್ಳದ ಪಕ್ಕದ ಅರ್ಧ ಎಕರೆ ಗದ್ದೆಗೆ ಎಂಟು ವರ್ಷದ ಹಿಂದೆ ಅಡಿಕೆ ಇಟ್ಟೆ. ಗದ್ದೆ ಇದ್ದಾಗ ಮಳೆಗಾಲ ಪೂರ್ತಿ ನೀರು ನಿಂತು ಇಂಗ್ತಿತ್ತು. ಅಡಿಕೆಗೆ ನೀರು ನಿಲ್ಲಬಾರದು, ಅದಕ್ಕೆ ಬಸಿಗಾಲುವೆ ತೋಡಿ ಮಳೆನೀರು ಹೊರಗೆ ಹಾಕಿದೆ. ಬೇಸಿಗೆಯಲ್ಲಿ ಅದೇ ತೋಟಕ್ಕೆ ಪಂಪು ಹಚ್ಚಿ ನೀರು ಹುಡುಕ್ತಾ ಇದ್ದೇನೆ. ಆಷಾಢದಲ್ಲಿ ಓಡಿಸಿದ ನೀರನ್ನು ಫಾಲ್ಗುಣದಲ್ಲಿ ವಾಪಸ್ ಕರೆದರೆ ಬರ್ತದಾ?

ಈ ಮಳೆಗಾಲ ಮಾಡಿದ್ದು ಇಷ್ಟು. ಬೆಟ್ಟದ ಮೇಲಿನ ಅರ್ಧ ಭಾಗದಲ್ಲಿ ದರಕು ಗುಡಿಸೋದು ನಿಲ್ಲಿಸಿದೆ. ಇಳಿಜಾರಿಗೆ ಅಡ್ಡ ಇಪ್ಪತ್ತಾರು ಇಂಗುಗುಂಡಿ ತೆಗೆಸಿದೆ. ಮಳೆ ಬಿಟ್ಟ ಮೇಲೆ ಹಳ್ಳಕ್ಕೆ ಕಲ್ಲು ಮಣ್ಣಿನ ಎರಡು ಸಣ್ಣ ಒಡ್ಡು ಹಾಕಿದೆ, ಮೇಲಿಂದ ನೀರು ಹಾದು ಹೋಗುವ ಹಾಗೆ. ಬೇಸಿಗೆಗೆ ಪಂಪು ಒಂದು ದಿನ ಬಿಟ್ಟು ಒಂದು ದಿನ ಅಂತ ಮಾಡ್ಕೊಂಡಿದ್ದೇನೆ. ಹೆಂಡತಿಗೆ ಹೆದರಿಕೆ ಇದೆ, "ಸಸಿ ಹಳದಿ ಬಿದ್ದರೆ ಜಲಪಾತ ಬಂದು ಸಾಲ ಕಟ್ತದಾ?" ಅಂತ ಕೇಳ್ತಾಳೆ. ಅವಳು ಹೇಳೋದರಲ್ಲೂ ತಪ್ಪಿಲ್ಲ. ಗೊಬ್ಬರಕ್ಕೆ ಸೊಪ್ಪು ಕಡಿಮೆ ಬಿತ್ತು, ಈ ವರ್ಷ ಎರಡು ಗಾಡಿ ಸಗಣಿ ಗೊಬ್ಬರ ದುಡ್ಡು ಕೊಟ್ಟು ತಂದೆ. ಒಂದೇ ವರ್ಷಕ್ಕೆ ಹಳ್ಳ ತುಂಬಿತು ಅಂತ ನಾನು ಸುಳ್ಳು ಹೇಳೋದಿಲ್ಲ.

ನೆರೆಮನೆಯವರೊಬ್ಬರು ಹೇಳಿದರು, "ನೀ ಬಿಟ್ಟ ನೀರು ಸಮುದ್ರಕ್ಕೆ ಹೋಗ್ತದೆ ಅಷ್ಟೇ ಮಾರಾಯಾ, ದಂಡ." ದಂಡ ಅಲ್ಲ. ದಾರಿಯಲ್ಲಿ ಹತ್ತು ತೋಟ ಇದೆ. ಆಮೇಲೆ ಕಾಡಿದೆ, ಸಿಂಗಳೀಕ ಇದೆ. ಕೊನೆಗೆ ನನ್ನ ತಂಗಿಯ ಬಾವಿ ಇದೆ.

ಈಗ ಎಲ್ಲರದೂ ಕೊನೆಕೊಯ್ಲು ನಡೀತಾ ಇದೆ, ಪುರುಸೊತ್ತಿಲ್ಲ. ಮುಗಿದ ಮೇಲೆ ಒಂದು ಭಾನುವಾರ ನಮ್ಮ ಹಳ್ಳದವರು ಹನ್ನೊಂದು ಮನೆಯವರೂ ಒಟ್ಟಿಗೆ ಮೇಲಿಂದ ಕೆಳಗೆ ನಡೆಯುವ ಅಂತ ಆಸೆ. ಪಂಪಿನ ಪಾಳಿ ಅಲ್ಲೇ ಕೂತು ಮಾತಾಡುವ. ಮಜ್ಜಿಗೆ, ಅವಲಕ್ಕಿ ನನ್ನ ಲೆಕ್ಕ. ಆಮೇಲೆ ಬೇಕಾದರೆ ಎಲ್ಲರೂ ಕೆಪ್ಪ ಜೋಗಕ್ಕೆ ಹೋಗಿ, ಸದ್ದು ಎಷ್ಟಿದೆ ಕೇಳಿ ಬರುವ. ಬರುವವರು ಫೋನ್ ಮಾಡಿ.