ಕತ್ತಲೆಕಾನಿನ ಜವುಗು

ಕೆಂಗೇರಿಯವರಾದ ನಮಗೆ ಜವುಗೆಂದರೆ ಕೆರೆಯಂಚಿನ ಕೆಸರು. ಕಳೆದ ಮಾಘಮಾಸದಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ಕಂಡಮೇಲೆ, ಘಟ್ಟದ ಜವುಗು ಬೇರೆಯೇ ಸೃಷ್ಟಿಯೆಂದರಿತೆನು.

ಉಪಗ್ರಹದ ನೆರವಿನಿಂದ ಬಚ್ಚಿಟ್ಟ ಡಬ್ಬಿಯನ್ನರಸುವ ಜಿಯೋಕ್ಯಾಚಿಂಗ್ ಎಂಬ ಆಟವೊಂದುಂಟು, ಹುಟ್ಟಿದ್ದು 2000ರಲ್ಲಿ. ಮೊಮ್ಮಗನು ಹಾದಿಯಂಚಿನಲ್ಲಿ ಡಬ್ಬಿಯನ್ನಡಗಿಸಿ, ನನ್ನ ಕೈಗೆ ಫೋನನ್ನಿತ್ತನು. ಅದರ ಬಾಣವನ್ನೇ ನೋಡುತ್ತ ನಡೆದ ನಾನು ಹಾದಿತಪ್ಪಿ ಕೆಸರಿಗಿಳಿದೆನು. ಸುತ್ತಲೂ ಜಾಯಿಕಾಯಿಯ ಕುಲದ ಮರಗಳು. ಅವುಗಳ ಬೇರುಗಳು ಮಡಿಸಿದ ಮೊಳಕಾಲಿನಂತೆ ಮೇಲೆದ್ದಿದ್ದವು. ಕೆಸರಿನಲ್ಲಿ ಪ್ರಾಣವಾಯು ವಿರಳವಾದ್ದರಿಂದ ಅವು ಹೊರಬಂದು ಉಸಿರಾಡುತ್ತವೆ. ಆಟ ಹುಟ್ಟಿದ ವರ್ಷವೇ ಶಾಸ್ತ್ರಜ್ಞರು ಹೆಸರಿಟ್ಟ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ವಿರಳವೃಕ್ಷವೂ ಈ ಕಾನಿನದೇ. ಇಂಥ ಜವುಗುಗಳೆಷ್ಟೋ ಗದ್ದೆ, ಅಡಕೆತೋಟಗಳಾಗಿ ಅಳಿದಿವೆ.

ಪಾದವನ್ನೆತ್ತಿದಾಗ ಅದರಡಿ ಎಳೆಸಸಿಯೊಂದು ಮುರಿದಿತ್ತು. ಡಬ್ಬಿಯೇನೋ ದೊರಕಿತು. ಆದರೆ ನಿಧಿಯನ್ನರಸಹೊರಟವನು ನಿಧಿಯನ್ನೇ ತುಳಿದಿದ್ದೆನು. ವಾಚಕರು ಅಲ್ಲಿಗೆ ಹೋದರೆ ಹಾದಿಯಿಂದಲೇ ನೋಡಿ ಮರಳಲಿ.