ಬರೆಯದೆ ಬಿಟ್ಟ ಅಂಕಿ

ಪರೀಕ್ಷೆಯಲ್ಲಿ ಸೊನ್ನೆ ಪಡೆದ ವಿದ್ಯಾರ್ಥಿಗೂ ಪರೀಕ್ಷೆಗೇ ಬಾರದ ವಿದ್ಯಾರ್ಥಿಗೂ ವ್ಯತ್ಯಾಸವುಂಟು. ಉಪಾಧ್ಯಾಯರು ಮೊದಲನೆಯವನ ಹೆಸರಿನ ಮುಂದೆ 0 ಎಂದೂ ಎರಡನೆಯವನ ಹೆಸರಿನ ಮುಂದೆ ಗೈರುಹಾಜರು ಎಂದೂ ಬರೆಯುತ್ತಾರೆ. ಅಂಕಗಳನ್ನು ಕೂಡುವಾಗ ಎರಡರಿಂದಲೂ ಮೊತ್ತ ಹೆಚ್ಚುವುದಿಲ್ಲ. ಆದರೂ ಅವೆರಡೂ ಒಂದೇ ಅಲ್ಲ. ಒಂದು ಉತ್ತರ, ಇನ್ನೊಂದು ಉತ್ತರದ ಅಭಾವ. ಮನುಷ್ಯನಿಗೆ ಸಹಜವಾಗಿ ತೋರುವ ಈ ಭೇದವನ್ನು ಯಂತ್ರಕ್ಕೆ ಹೇಳಿಕೊಡಬೇಕಾಗುತ್ತದೆ. ಹೇಳಿಕೊಡಲು ಮರೆತರೆ ಏನಾಗುವುದೆಂಬುದಕ್ಕೆ ಲಿನಕ್ಸ್ ಕರ್ನಲ್‌ನಲ್ಲಿ ಅಡಗಿದ್ದು, 2015ರಲ್ಲಿ ಸರಿಪಡಿಸಲಾದ ಒಂದು ಸಣ್ಣ ದೋಷವೇ ನಿದರ್ಶನ.

ಕರ್ನಲ್ ಎಂದರೆ ತಿರುಳು. ಕಂಪ್ಯೂಟರಿನ ನೆನಪಿನ ಜಾಗವನ್ನೂ ದುಡಿಮೆಯ ಸಮಯವನ್ನೂ ಎಲ್ಲ ಕೆಲಸಗಳಿಗೆ ಹಂಚಿಕೊಡುವ ಮೂಲ ವ್ಯವಸ್ಥೆ ಅದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್, ಮುಂದೆ ಸಾವಿರಾರು ಜನರ ಕೈಯಲ್ಲಿ ಬೆಳೆಯಿತು. ಆಂಡ್ರಾಯ್ಡ್ ಫೋನುಗಳಿಂದ ಹಿಡಿದು ಮಹಾಗಣಕಗಳವರೆಗೆ ಇಂದು ಅದರ ವ್ಯಾಪ್ತಿಯಿದೆ. ಇಂಥಲ್ಲಿ ನುಸುಳಿದ ತಪ್ಪು ಎಷ್ಟೇ ಚಿಕ್ಕದಾದರೂ ದೂರದವರೆಗೆ ಹೋಗಬಲ್ಲದು.

ಒಂದೇ ಯಂತ್ರದಲ್ಲಿ ಹಲವು ಪ್ರೊಸೆಸರುಗಳಿರುವುದುಂಟು. ಅವಕ್ಕೆ 0, 1, 2 ಎಂದು ಸೊನ್ನೆಯಿಂದಲೇ ಸಂಖ್ಯೆಗಳನ್ನು ಕೊಡುತ್ತಾರೆ. ಒಂದು ಕೆಲಸವನ್ನು ಇವುಗಳಲ್ಲಿ ಯಾವುವು ಮಾಡಬಹುದೆಂಬುದನ್ನು ಗುರುತಿಸಲು ಇರುವುದೇ ಬಿಟ್‌ಮಾಸ್ಕ್. ಅದು ಸಾಲಾಗಿ ಕೂರಿಸಿದ ವಿದ್ಯುದ್ದೀಪದ ಸ್ವಿಚ್ಚುಗಳಂತೆ. 1 ಇದ್ದರೆ ಒಪ್ಪಿಗೆ, 0 ಇದ್ದರೆ ನಿಷೇಧ. ಬಲದಿಂದ ಎಣಿಸಿದರೆ 101111 ಎಂಬ ಸಾಲು 0, 1, 2, 3 ಮತ್ತು 5ನೆಯ ಸಂಖ್ಯೆಯ ಪ್ರೊಸೆಸರುಗಳನ್ನು ಸೂಚಿಸುತ್ತದೆ. ಮನುಷ್ಯರು ಇದನ್ನೇ ಸುಲಭವಾಗಿ 0-3,5 ಎಂದು ಬರೆಯಬಹುದು. ಆ ಬರಹವನ್ನು ಒಂದೊಂದೇ ಅಕ್ಷರವಾಗಿ ಓದಿ ಬಿಟ್‌ಗಳ ಸಾಲಾಗಿ ಮಾರ್ಪಡಿಸುವ ಹೊಣೆ ಕರ್ನಲ್‌ನ ಒಂದು ಪುಟ್ಟ ಭಾಗದ್ದು.

ದೋಷವಿದ್ದುದು ಆ ಓದಿನಲ್ಲಿ. ಯಾರಾದರೂ 1,0- ಎಂದು ಬರೆದು ಕೊನೆಯ ಅಂಕಿಯನ್ನು ಬಿಟ್ಟುಬಿಟ್ಟರೆ, ಕರ್ನಲ್ ಅದನ್ನು ತಪ್ಪೆನ್ನದೆ ಸ್ವೀಕರಿಸುತ್ತಿತ್ತು. ಅಡ್ಡಗೆರೆ ಕಂಡೊಡನೆ ಅದು ವ್ಯಾಪ್ತಿಯ ಕೊನೆಯನ್ನು ತಾತ್ಕಾಲಿಕವಾಗಿ ಸೊನ್ನೆಯೆಂದು ಇಟ್ಟುಕೊಂಡು ಮುಂದಿನ ಅಂಕಿಗಾಗಿ ಕಾಯುತ್ತಿತ್ತು. ಅಂಕಿ ಬಾರದೆ ಬರಹ ಮುಗಿದುಹೋದರೆ, ಇಟ್ಟುಕೊಂಡ ಸೊನ್ನೆಯೇ ಬರೆದ ಸೊನ್ನೆಯಂತೆ ಉಳಿಯುತ್ತಿತ್ತು. ಬರೆದವನ ಮನಸ್ಸಿನಲ್ಲಿದ್ದುದು 0-7 ಆಗಿದ್ದರೆ, ಎಂಟು ಪ್ರೊಸೆಸರುಗಳು ಹೊರಬೇಕಾದ ಭಾರ ಎರಡರ ಮೇಲೆಯೇ ಬೀಳುವುದು. ಎಚ್ಚರಿಕೆಯ ಮಾತೊಂದೂ ಕೇಳಿಬಾರದು.

ಇದರಲ್ಲೊಂದು ವಿಚಿತ್ರವಿದೆ. 1,5- ಎಂದು ಬರೆದರೆ ಕರ್ನಲ್ ಅದನ್ನು ನಿರಾಕರಿಸುತ್ತಿತ್ತು. ಅಂಕಿ ಬಿಟ್ಟುಹೋದುದನ್ನು ಕಂಡು ಅಲ್ಲ. ವ್ಯಾಪ್ತಿಯ ಮೊದಲು 5, ಕೊನೆ 0, ಮೊದಲು ಕೊನೆಗಿಂತ ದೊಡ್ಡದಾಗಬಾರದು ಎಂಬ ಬೇರೊಂದು ನಿಯಮದಿಂದ! ಸೊನ್ನೆಯಿಂದ ತೊಡಗಿದಾಗ ಮಾತ್ರ ಮೊದಲೂ ಕೊನೆಯೂ ಸಮನಾಗಿ ತಪ್ಪು ಜಾರಿಕೊಳ್ಳುತ್ತಿತ್ತು. ಉತ್ತರ ಸರಿಯಿದ್ದರೂ ಗಣಿತದ ಉಪಾಧ್ಯಾಯರು ಕ್ರಮವನ್ನು ತೋರಿಸೆಂದು ಕೇಳುವುದು ಇದಕ್ಕಾಗಿಯೇ. ತಪ್ಪು ಕಾರಣದಿಂದ ಬಂದ ಸರಿಯುತ್ತರವು ದೋಷವನ್ನು ಮುಚ್ಚಿಡುತ್ತದೆ.

ಪರಿಹಾರವು ದೋಷಕ್ಕಿಂತಲೂ ಸರಳವಾಗಿತ್ತು. 'ಇನ್ನೂ ಅಂಕಿ ಬರಬೇಕಾಗಿದೆ' ಎಂಬ ಗುರುತನ್ನು ಕರ್ನಲ್ ಮೊದಲಿನಿಂದಲೂ ಇಟ್ಟುಕೊಂಡಿತ್ತು. ಓದು ಮುಗಿದಾಗ ಅದನ್ನು ತಿರುಗಿ ನೋಡುವ ಏರ್ಪಾಡು ಮಾತ್ರ ಇರಲಿಲ್ಲ. ಅಡ್ಡಗೆರೆ ಬಂದಿದ್ದು, ಅಂಕಿ ಇನ್ನೂ ಬಾರದೆ ಇದ್ದರೆ ಬರಹವನ್ನು ತಿರಸ್ಕರಿಸಬೇಕು ಎಂಬ ಸಣ್ಣ ಪರೀಕ್ಷೆಯೊಂದನ್ನು ಸೇರಿಸಲಾಯಿತು. ಹೊಸ ವಿದ್ಯೆಯೇನೂ ಬೇಕಾಗಲಿಲ್ಲ. ತಿಳಿದಿದ್ದುದನ್ನು ತಕ್ಕ ಸಮಯದಲ್ಲಿ ಕೇಳಿಕೊಂಡರೆ ಸಾಕಾಯಿತು.

ಅದೇ ವರ್ಷ ಅದೇ ಭಾಗದಲ್ಲಿ ಇನ್ನೊಂದು ತಿದ್ದುಪಡಿಯೂ ಆಯಿತು. ಅಂಕಿಗಳ ಹಿಂದೆ ಮುಂದೆ ಖಾಲಿ ಜಾಗ ಬಿಟ್ಟು ಬರೆದಿದ್ದರೂ ಅದನ್ನು ಒಪ್ಪಿಕೊಳ್ಳುವಂತೆ ಮಾಡಲಾಯಿತು. ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲ. ಆದರೆ ಇದು ವಿರೋಧವಲ್ಲ. ಖಾಲಿ ಜಾಗದಿಂದ ಅರ್ಥ ಕೆಡುವುದಿಲ್ಲ. ಅಲ್ಲಿ ಔದಾರ್ಯ ಸಲ್ಲುತ್ತದೆ. ಬಿಟ್ಟುಹೋದ ಅಂಕಿಯ ಅರ್ಥವನ್ನು ಬರೆದವನೇ ಹೇಳಬೇಕು. ಅಲ್ಲಿ ಊಹೆ ಸಲ್ಲದು. ತಿಳಿಯದುದನ್ನು ತಿಳಿದಂತೆ ನಡೆಸಿಕೊಂಡು ಹೋಗುವ ಯಂತ್ರಕ್ಕಿಂತ 'ಇದು ಅಪೂರ್ಣ' ಎಂದು ಹಿಂದಿರುಗಿಸುವ ಯಂತ್ರವೇ ಹೆಚ್ಚು ನಂಬಿಕೆಗೆ ಅರ್ಹ.