ಮದುವೆಯ ಪದ್ಧತಿಗಳೂ ಮೂಢನಂಬಿಕೆಗಳೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಗಳ ಹಳ್ಳಿಗಳಲ್ಲಿ ಮದುವೆಯ ಮಾತೆತ್ತಿದೊಡನೆ ಹಿರಿಯರು ಹತ್ತಾರು ವಿಧಿನಿಷೇಧಗಳನ್ನು ಹೇಳುವದುಂಟು. ಅವೆಲ್ಲವನ್ನೂ ಮೂಢತನವೆಂದು ತಳ್ಳಿಬಿಡುವದು ಓದಿದ ಹೆಣ್ಣುಮಕ್ಕಳಿಗೆ ಸುಲಭವು. ಒಂದೊಂದನ್ನೂ ಪರೀಕ್ಷಿಸಿ ನೋಡುವದೇ ಲೇಸೆಂದು ನನಗೆ ತೋರುತ್ತದೆ.

ಆಟಿ ತಿಂಗಳಲ್ಲಿ ಮದುವೆ ಕೂಡದೆಂಬ ನಿಯಮವನ್ನು ನೋಡಿರಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗಿನ ಈ ಕಾಲದಲ್ಲಿ ಹಿಂದೆ ಕಣಜ ಬರಿದಾಗುತ್ತಿತ್ತು. ಬಡವರು ತಜಂಕಿನ ಸೊಪ್ಪು, ಕಣಿಲೆಗಳಿಂದ ಹೊಟ್ಟೆ ಹೊರೆಯುತ್ತಿದ್ದರು. ಹೊಳೆಗಳು ದಾಟಲಾಗದಂತೆ ತುಂಬುತ್ತಿದ್ದವು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಬಂಟ್ವಾಳದ ಪೇಟೆಯೊಳಗೇ ನುಗ್ಗಿತು. ಅಂಥಾ ದಿನಗಳಲ್ಲಿ ದಿಬ್ಬಣ ಹೊರಡುವದೆಂತು? ನವವಧುವು ಆಟಿಯಲ್ಲಿ ತವರಿಗೆ ಬಂದು ತಾಯಿಯ ಬಳಿಯಲ್ಲಿ ವಿಶ್ರಮಿಸುವ ಪದ್ಧತಿಯಲ್ಲಿ ದಯೆಯೂ ಉಂಟು. ದೂರದ ಐರ್ಲೆಂಡಿನ ಹಳ್ಳಿಗರು ಸಹ ಮೇ ತಿಂಗಳ ಮದುವೆಯನ್ನು ಅಶುಭವೆಂದೆಣಿಸುತ್ತಿದ್ದರು. ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ ಮದುವೆ ಸಲ್ಲದಾದುದರಿಂದ ಅದಕ್ಕೆ ಮೊದಲಿನ ವಾರಗಳಲ್ಲಿಯೇ ಹೆಚ್ಚು ಮದುವೆಗಳನ್ನು ಮುಗಿಸುತ್ತಿದ್ದರು.

ಅಳಿಯಸಂತಾನದ ಕುಟುಂಬಗಳಲ್ಲಿ ಬಳಿಯು ತಾಯಿಯಿಂದ ಬರುವದು. ಒಂದೇ ಬಳಿಯವರು ಒಡಹುಟ್ಟಿದವರೆಂದು ಎಣಿಸಲ್ಪಡುವದರಿಂದ ಅವರೊಳಗೆ ಮದುವೆಯಿಲ್ಲ. ಧಾರೆಯ ಹೊತ್ತಿನಲ್ಲಿ ವಧೂವರರ ಜೋಡಿಸಿದ ಕೈಗಳ ಮೇಲೆ ಗಿಂಡಿಯಿಂದ ನೀರೆರೆಯುತ್ತಾರೆ. ನಮ್ಮ ಕಥೋಲಿಕ ಮನೆಗಳಲ್ಲಿ ಮದುವೆಯ ಮುನ್ನಾದಿನ ಬಂಧುಗಳು ತೆಂಗಿನ ಹಾಲನ್ನು ಹಚ್ಚಿ ರೋಸ್ ನಡಿಸುತ್ತಾರೆ. ಇವುಗಳಿಂದ ಯಾರಿಗೂ ನೋವಿಲ್ಲ. ಎರಡು ಮನೆಗಳು ಹತ್ತಿರವಾಗುತ್ತವೆ.

ಆದರೆ ಕಾಲ್ಗುಣವೆಂಬ ಮಾತು ಬೇರೆ. ಬೆಳ್ತಂಗಡಿಯ ಕಡೆಯ ಒಂದು ಮನೆಗೆ ಸೊಸೆ ಬಂದ ವಾರದೊಳಗೆ ಕರೆಯುವ ಹಸು ಸತ್ತುಹೋಯಿತು. ಅದಕ್ಕೆ ಮೊದಲೇ ರೋಗವಿತ್ತೆಂಬದು ನೆರೆಕರೆಗೆಲ್ಲಾ ತಿಳಿದಿತ್ತು. ಆದರೂ ಹುಡುಗಿಯ ಕಾಲ್ಗುಣವೆಂದರು. ಅವಳು ಬಹುಕಾಲ ಹಟ್ಟಿಯ ಬಾಗಿಲಿಗೆ ಹೋಗಲು ಅಂಜುತ್ತಿದ್ದುದನ್ನು ನಾನು ಬಲ್ಲೆನು. ಮಗಳನ್ನು ಒಬ್ಬಳೇ ದುಡಿದು ಸಾಕಿದ ತಾಯಿಯು ವಿಧವೆಯೆಂಬ ಒಂದೇ ಕಾರಣದಿಂದ, ಆ ಮಗಳ ಧಾರೆಯನ್ನು ಕಂಬದ ಮರೆಯಲ್ಲಿ ನಿಂತು ನೋಡುವದನ್ನೂ ಕಂಡಿದ್ದೇನೆ. ಇಂಥಾ ನಂಬಿಕೆಗಳ ಭಾರವೆಲ್ಲಾ ಎದುರು ಮಾತಾಡಲಾರದವಳ ಮೇಲೆಯೇ ಬೀಳುವದು.

1961ರ ವರದಕ್ಷಿಣೆ ನಿಷೇಧದ ಕಾಯಿದೆಯು ಹಣ ಕೇಳುವವನನ್ನು ಶಿಕ್ಷಿಸಬಹುದು; ಅಡಿಗೆಮನೆಯ ಪಿಸುಮಾತನ್ನು ಅದು ಹಿಡಿಯಲಾರದು. ಪ್ರಿಯ ಸಹೋದರಿಯರೇ, ನಾಳೆ ನಿಮ್ಮ ಮನೆಗೆ ಅತ್ತಿಗೆ ಬರುವಳು. ಹಸು ಸತ್ತರೆ ರೋಗದಿಂದ ಸತ್ತಿತೆಂದು ಮೊದಲು ನೀವೇ ಹೇಳಿರಿ. ಧಾರೆಯ ಚಪ್ಪರದಲ್ಲಿ ವಿಧವೆಯಾದ ತಾಯಿಯ ಕೈಹಿಡಿದು ಮುಂದಕ್ಕೆ ಕರೆತನ್ನಿರಿ.